ದರ್ಜಿಯ ಟೇಪು, ಹೂವಿನ ದಾರ

ನಮಸ್ಕಾರ ಕೇಳುಗರೇ. ಬಸ್ ಸ್ಟ್ಯಾಂಡಿನ ತೂಕದ ಯಂತ್ರಕ್ಕೆ ನಾಣ್ಯ ಹಾಕಿದರೆ ಒಂದು ಚೀಟಿ ಬೀಳುತ್ತಿತ್ತು, ನೆನಪಿದೆಯಾ? ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಹೃದಯದ ಮಟ್ಟಿಗೆ ಆ ತೂಕವೂ ಪೂರ್ತಿ ನಂಬುವ ಹಾಗಿಲ್ಲ.

2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು? ಯುಡ್ಕಿನ್ ಅವರದು ಶೇಕಡ 9.1, ಯಾಜ್ಞಿಕ್ ಅವರದು 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಓಡುತ್ತಿದ್ದದ್ದು ಬೆಳಿಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ಒಳಗೆ ಸೇರಿಕೊಳ್ಳಲು! ಇದನ್ನು ಅವರೇ ತಮಾಷೆಯಾಗಿ ಬರೆದುಕೊಂಡಿದ್ದರು.

ನಮ್ಮಲ್ಲೂ ನೋಡಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ತೊಂದರೆ ಕೊಡುವುದು ಈ ಹೊಟ್ಟೆಯೊಳಗಿನ, ಕರುಳಿನ ಸುತ್ತ ಕೂತ ಕೊಬ್ಬು. ಅದು ಕರಗಿ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ ಹರಿಯುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ ಮತ್ತು ಸಂಗಡಿಗರು 52 ದೇಶಗಳ ಸುಮಾರು 27,000 ಜನರನ್ನು ಅಳೆದರು. 2005ರಲ್ಲಿ ಬಂದ ಫಲಿತಾಂಶದಲ್ಲಿ ಹೃದಯಾಘಾತದ ಸುಳಿವು ಕೊಡುವುದರಲ್ಲಿ ಬಿಎಂಐ ಸೋತಿತ್ತು. ಗೆದ್ದದ್ದು ಸೊಂಟದ ಅಳತೆಯನ್ನು ಸೀಟಿನ ಅಳತೆಯಿಂದ ಭಾಗಿಸಿದ ಲೆಕ್ಕ. ಸೀಟು ಎಂದರೆ ದರ್ಜಿಗಳು ಹೇಳುವ ಸೀಟೇ.

ಅಷ್ಟು ಲೆಕ್ಕ ಬೇಡ ಎನ್ನುವವರಿಗೆ ಸೊಂಟ ಒಂದೇ ಸಾಕು. ನಮ್ಮ ದೇಶದವರಿಗೆ ಹೇಳಿರುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಪ್ಯಾಂಟಿನ ಸೈಜು ಕೇಳಬೇಡಿ. ಹೊಟ್ಟೆ ಬಂದ ಮೇಲೆ ಪ್ಯಾಂಟನ್ನು ಅದರ ಕೆಳಗೆ ಇಳಿಸಿ, ‘ನನ್ನದು ಈಗಲೂ 34’ ಎನ್ನುವವರು ಎಷ್ಟು ಜನ ಇಲ್ಲ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಅಲ್ಲಿ ಯಾರೂ ನೋಡುತ್ತಿಲ್ಲ.

ಟೇಪು ಇಲ್ಲವಾ? ಹೂ ಕಟ್ಟುವ ದಾರ ತನ್ನಿ. ನಿಮ್ಮ ಎತ್ತರದಷ್ಟು ಕತ್ತರಿಸಿ, ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿ ಎಂದು ನೀವೇ ಕೇಳಿ. ನಮಸ್ಕಾರ.