‘ಆಗಲ್ಲ ಸಾರ್’ ಅನ್ನಲು ಬಾಯಿ ಬರದಿದ್ದಾಗ

ಕೇಳುಗರಿಗೆಲ್ಲ ನಮಸ್ಕಾರ.

ಎಮಿಷನ್ ಟೆಸ್ಟ್ ಮಾಡಿಸಿದ್ದೀರಲ್ವಾ? ಬಂಕಿನ ಪಕ್ಕ ವ್ಯಾನು, ಸೈಲೆನ್ಸರಿಗೊಂದು ಕೊಳವೆ, ಕೈಗೊಂದು ಚೀಟಿ. ಗಾಡಿ ನಿಂತಲ್ಲೇ ನಿಂತಿರುತ್ತದೆ. ಓಡುವಾಗ ಎಷ್ಟು ಹೊಗೆ ಬಿಡುತ್ತದೆ ಅಂತ ಯಾರು ನೋಡಿದರು?

2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ನೋಡಿದರು. ಅವರಲ್ಲೊಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರಿಗೆ ಅಳತೆಯ ಯಂತ್ರ, ಜನರೇಟರ್ ಎಲ್ಲ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಸುತ್ತಿದರು. ಕಳ್ಳತನ ಹಿಡಿಯಲು ಹೊರಟವರಲ್ಲ ಅವರು. ಅಮೆರಿಕದ ಡೀಸೆಲ್ ಕಾರು ಎಷ್ಟು ಚೊಕ್ಕ ಅಂತ ಯುರೋಪಿಗೆ ತೋರಿಸುವ ಯೋಜನೆ ಅದು! ಲ್ಯಾಬಿನಲ್ಲಿ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ನಿನ ಜೆಟ್ಟಾ ಕಾರು, ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಅನ್ನೋ ಕೆಟ್ಟ ಅನಿಲ ಉಗುಳಿತು.

2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಕಾರಿನೊಳಗಿನ ಸಾಫ್ಟ್‌ವೇರ್‌ಗೆ ಟೆಸ್ಟ್ ನಡೆಯುತ್ತಿರುವುದು ಗೊತ್ತಾಗುತ್ತಿತ್ತು, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುತ್ತಿತ್ತು. ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ಕೈಕಟ್ಟಿ ಕೂರುವ ಮಕ್ಕಳ ಹಾಗೆ. ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಇದೇ ಕಥೆ. ಭಾರತದಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ‘ಕ್ಲೀನ್ ಡೀಸೆಲ್’ ಅನ್ನೋ ಜಾಹೀರಾತಿನ ಜೊತೆ ಹಸಿರು ಕಾರಿನ ಪ್ರಶಸ್ತಿಯೂ ಹೋಯಿತು.

ಇದನ್ನು ಸುಮ್ನೆ ಎಂಜಿನಿಯರುಗಳ ಮೋಸ ಅಂದುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಡೀಸೆಲ್ ಕಾರನ್ನೇ ಹಸಿರು ಅಂತ ಮಾರಬೇಕು ಅಂತ ಮೇಲಿನವರು ತೀರ್ಮಾನಿಸಿದ್ದರು. ಆ ದುಡ್ಡಿನಲ್ಲಿ, ಆ ಗಡುವಿನಲ್ಲಿ ಕೆಲಸ ಕೂಡಿಬರಲಿಲ್ಲ. ಆಗ ‘ಆಗಲ್ಲ ಸಾರ್’ ಅನ್ನುವುದಕ್ಕಿಂತ ಸಾಫ್ಟ್‌ವೇರ್ ಬರೆಯುವುದೇ ಸುಲಭವಾಗಿ ಕಂಡಿತು. ಕಂಪನಿಯ ಪರಿಸರ ನೀತಿ ಎಷ್ಟು ಗಟ್ಟಿ ಅಂತ ತಿಳಿಯಲು ನಾನು ನೋಡುವುದು ಇದನ್ನೇ. ಕೆಳಗಿನವರು ಕೆಟ್ಟ ಸುದ್ದಿ ತಂದರೆ ಏನಾಗುತ್ತದೆ?

ಅಮೆರಿಕದ 3ಎಂ ಕಂಪನಿ 1975ರಲ್ಲೇ ನೌಕರರ ಮಾತಿಗೆ ಕಿವಿಗೊಟ್ಟಿತ್ತು. ಕೊಳೆ ಹುಟ್ಟದಂತೆ ಮಾಡುವ ಉಪಾಯಗಳನ್ನು ಅವರಿಂದಲೇ ಕೇಳಿತು, ಹೆಸರೂ ಬಂತು. ಆದರೆ ಅದೇ ಕಂಪನಿ ತಯಾರಿಸಿದ ‘ಸಾಯದ ರಾಸಾಯನಿಕಗಳು’, ಅಂದರೆ ಸುಲಭಕ್ಕೆ ಕರಗಿ ಹೋಗದೆ ಉಳಿದುಬಿಡುವಂಥವು, ಕುಡಿಯುವ ನೀರಿಗೆ ಸೇರಿದ್ದವು. 2023ರಲ್ಲಿ ಆ ಮೊಕದ್ದಮೆಗಳಿಗೆ 1,000 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಿತು. ಉಪಾಯ ಕೇಳುವುದು ಸಲೀಸು ನೋಡಿ, ಕೆಟ್ಟ ಸುದ್ದಿ ಕೇಳುವುದೇ ಕಷ್ಟ.

ಕಾರಿನ ಹೊಗೆ ಅಳೆದ ಹೇಮಂತ್ ಆಮೇಲೆ ಜನರಲ್ ಮೋಟಾರ್ಸ್ ಅನ್ನೋ ಕಾರು ಕಂಪನಿ ಸೇರಿದರು. 2019ರಲ್ಲಿ ಆ ಕಂಪನಿ ಸಾವಿರಾರು ಜನರನ್ನು ತೆಗೆದಾಗ ಇವರ ಕೆಲಸವೂ ಹೋಯಿತು. ಹೊಗೆಯ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದಿತು ಕಂಪನಿ.

ನಮಸ್ಕಾರ.