ದೊಡ್ಡಮ್ಮನ ಡಿಪ್ರೆಶನ್, ಜೋಯಿಸರ ಕವಡೆ, ಮಂಗಳವಾರದ ಡಾಕ್ಟರು

[ದೃಶ್ಯ: ಕತ್ತಲೆ ಅಡುಗೆಮನೆ. ಗೋಡೆ ಗಡಿಯಾರದಲ್ಲಿ ಮೂರೂವರೆ. ಹೊಸ್ತಿಲ ಮೇಲೆ ಯಾರೋ ಕೂತಿರೋ ನೆರಳು.]

ನಮ್ಮ ದೊಡ್ಡಮ್ಮ ಸಾರಿಗೆ ಒಗ್ಗರಣೆ ಹಾಕಿದ್ರೆ ಪಕ್ಕದ ಬೀದಿಗೆ ಘಮ ಹೋಗ್ತಿತ್ತು. ಅಂಥವರು ಒಂದಿನ ಉಪ್ಪೇ ಇಲ್ಲದ ಸಾರು ಬಡಿಸಿದ್ರು. ಮರೆತಿರಬೇಕು ಅಂತ ದೊಡ್ಡಪ್ಪ ಸುಮ್ಮನಾದ್ರು. ಮಾರನೇ ದಿನಾನೂ ಅದೇ. "ರುಚಿ ನೋಡ್ಲಿಲ್ವೇನೇ?" ಅಂದ್ರೆ, "ನೋಡ್ದೆ, ನಂಗೇನೂ ಗೊತ್ತಾಗ್ಲಿಲ್ಲ" ಅಂದ್ರಂತೆ.

ಆಮೇಲೆ ನಿದ್ದೆ ಹೋಯ್ತು. ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗೋದು, ಎದ್ದು ಬಂದು ಅಡುಗೆಮನೆ ಹೊಸ್ತಿಲ ಮೇಲೆ ಸುಮ್ಮನೆ ಕೂತ್ಕೊಳ್ಳೋದು. ಬಾಗಿಲ ಮುಂದೆ ರಂಗೋಲಿ ನಿಂತೋಯ್ತು. ಇಷ್ಟಾದ್ರೂ ಮನೇಲಿ ಯಾರಿಗೂ ಗಾಬರಿ ಆಗ್ಲಿಲ್ಲ. ಗಾಬರಿ ಆಗಿದ್ದು, ಮದುವೆಯಾಗಿ ಬಂದಾಗಿಂದ ತಪ್ಪದೆ ಹಚ್ಚಿದ್ದ ದೇವರ ದೀಪಾನ ಒಂದು ಸಂಜೆ ಅವರು ಹಚ್ಚಲಿಲ್ವಲ್ಲ, ಆವತ್ತು.

ಒಂದೇ ವಾರದಲ್ಲಿ ಮನೆಯವರ ತಲೇಲಿ ಲೆಕ್ಕ ತಿರುವುಮುರುವಾಯ್ತು. ಕಾಯಿಲೆ ಬಂದು ದೀಪ ಹಚ್ಚೋದು ನಿಂತಿತ್ತು. ಎಲ್ಲರೂ ಹೇಳಿದ್ದು, ದೀಪ ಹಚ್ಚೋದು ನಿಲ್ಲಿಸಿದ್ದಕ್ಕೆ ಕಾಯಿಲೆ ಬಂತು ಅಂತ.

[ಚಾನೆಲ್ ಲೋಗೋ]

ನಮಸ್ಕಾರ. ಡಿಪ್ರೆಶನ್ ಅಂದಕೂಡಲೇ ನಮ್ಮ ಕಡೆ ದೇವರು, ಗ್ರಹಚಾರ, ಪಾಪ, ಪ್ರಾರಬ್ಧ ಇವೆಲ್ಲ ಯಾಕೆ ಬರುತ್ವೆ, ವೈದ್ಯಶಾಸ್ತ್ರದ ಹತ್ರ ಇರೋ ಪುರಾವೆ ಏನು ಅನ್ನೋದು ಇವತ್ತಿನ ವಿಡಿಯೋ. ದೇವರನ್ನ ಬಯ್ಯೋ ವಿಡಿಯೋ ಅಲ್ಲ ಇದು. ಅದಕ್ಕೋಸ್ಕರ ಬಂದಿದ್ರೆ ನಿರಾಸೆ ಆಗುತ್ತೆ.

ದೊಡ್ಡಮ್ಮನ್ನ ಮೊದಲು ಕರ್ಕೊಂಡು ಹೋಗಿದ್ದು ಜೋಯಿಸರ ಹತ್ರ. ಕವಡೆ ಹಾಕಿದ್ರು. ನಾಗದೋಷ ಅಂತ ಬಂತು. ಯಾವುದೋ ತಲೆಮಾರಲ್ಲಿ ಹುತ್ತ ಕೆಡವಿದ್ದಾರೆ, ಅದರ ಫಲ ಈ ಹೆಣ್ಣುಮಗಳ ಮೇಲೆ ಬಂದಿದೆ ಅಂದ್ರು. ಆಗ ದೊಡ್ಡಮ್ಮ ಎಷ್ಟೋ ದಿನಕ್ಕೆ ಮೊದಲ ಸಲ ಬಾಯಿ ಬಿಟ್ಟು ಅತ್ತು, "ನಂಗೊತ್ತಿತ್ತು. ನಾನೇ ಏನೋ ಪಾಪ ಮಾಡಿದ್ದೀನಿ, ನನ್ನಿಂದಲೇ ಎಲ್ಲರಿಗೂ ತೊಂದರೆ" ಅಂದ್ರು.

ಈ ಮಾತನ್ನ ಸ್ವಲ್ಪ ಹಿಡ್ಕೊಳ್ಳಿ. ಡಿಪ್ರೆಶನ್ ಇದೆಯಾ ಅಂತ ತೀರ್ಮಾನಿಸೋಕೆ ಮನೋವೈದ್ಯರು ನೋಡೋ ಲಕ್ಷಣಗಳಲ್ಲಿ ಮನಸ್ಸು ಕುಗ್ಗೋದು, ಯಾವುದರಲ್ಲೂ ಆಸಕ್ತಿ ಇಲ್ದೇ ಹೋಗೋದು, ನಿದ್ದೆ, ಹಸಿವು, ಸುಸ್ತು ಇವೆಲ್ಲ ಇವೆ. ಜೊತೆಗೆ ಇನ್ನೊಂದಿದೆ: ಕಾರಣವೇ ಇಲ್ಲದ ಅಪರಾಧಿ ಭಾವನೆ. ಯಾರಿಗೋ ಏನೋ ಅನ್ಯಾಯ ಮಾಡಿಬಿಟ್ಟಿದ್ದೀನಿ, ನಾನು ಯಾತಕ್ಕೂ ಬಾರದವಳು ಅನ್ನೋ ಯೋಚನೆ ಒಳಗೆ ಕೂತು ಕೊರೀತಾ ಇರುತ್ತೆ. ಅಂದ್ರೆ "ನೀನು ಪಾಪಿ" ಅಂತ ಕಾಯಿಲೆ ಮೊದಲೇ ಒಳಗಿಂದ ಹೇಳ್ತಾ ಇರುತ್ತೆ. ಹೊರಗಡೆಯಿಂದ ಗೌರವಸ್ಥರೊಬ್ಬರು ಮಣೆ ಮೇಲೆ ಕೂತು ಅದನ್ನೇ ಹೇಳಿದ್ರೆ? ಕಾಯಿಲೆಗೆ ಸಾಕ್ಷಿ ಸಿಕ್ಕಂಗಾಯ್ತು. ಜೋಯಿಸರ ಮನೆಯಿಂದ ಬಂದ ಮೇಲೆ ದೊಡ್ಡಮ್ಮ ಇದ್ದಬದ್ದ ಎರಡು ತುತ್ತು ಅನ್ನಾನೂ ಬಿಟ್ರು.

ಇದು ಬರೀ ಜಾತಕ ನಂಬೋರ ಮನೆ ಕತೆ ಅಲ್ಲ. ಮುಸ್ಲಿಂ ಸ್ನೇಹಿತನೊಬ್ಬನಿಗೆ ಅವನ ಮಾವ ಹೇಳಿದ್ದು, "ಈಮಾನ್ ಗಟ್ಟಿಯಿದ್ರೆ ಮನಸ್ಸು ಯಾಕೆ ಕುಗ್ಗುತ್ತೆ?" ಅಂತ. ಈಮಾನ್ ಅಂದ್ರೆ ದೇವರ ಮೇಲಿನ ನಂಬಿಕೆ. ಪ್ರಾರ್ಥನಾ ಸಭೆಗಳಲ್ಲಿ ಸೈತಾನ ಹಿಡಿದಿದ್ದಾನೆ ಅಂತ ತಲೆ ಮೇಲೆ ಕೈಯಿಟ್ಟು ಕೂಗೋದನ್ನ ನೀವೂ ನೋಡಿರ್ತೀರ. ಭಾಷೆ ಬೇರೆ, ತೀರ್ಪು ಒಂದೇ: ತಪ್ಪು ನಿಂದು.

[ದೃಶ್ಯ: ಆಸ್ಪತ್ರೆಯ ಉದ್ದನೆಯ ಕಾರಿಡಾರ್]

ಈ ತೀರ್ಪಿನಿಂದ ಹಾನಿ ಆಗುತ್ತಾ ಅಂತ ಅಳೆದು ನೋಡಿದೋರೂ ಇದ್ದಾರೆ. ಅಮೆರಿಕದಲ್ಲಿ ಕೆನೆತ್ ಪಾರ್ಗಮೆಂಟ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು, ಬೇರೆ ಬೇರೆ ದೈಹಿಕ ಕಾಯಿಲೆಗಳಿಗೆ ಆಸ್ಪತ್ರೆ ಸೇರಿದ್ದ 55 ವರ್ಷ ದಾಟಿದ 596 ರೋಗಿಗಳನ್ನ ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ್ರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಇದು ಸೈತಾನನ ಕೆಲಸ ಅಂತೆಲ್ಲ ನಂಬಿ ಒದ್ದಾಡ್ತಿದ್ದೋರಲ್ಲಿ ಸಾವಿನ ಸಂಭವ ಉಳಿದವರಿಗಿಂತ ಜಾಸ್ತಿ ಇತ್ತು. ಅವರ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನೋದನ್ನ ಲೆಕ್ಕಕ್ಕೆ ತಗೊಂಡ ಮೇಲೂ. ಇತ್ತ ಭಜನೆಗೋ ಚರ್ಚಿಗೋ ತಪ್ಪದೆ ಹೋಗಿ ನಾಲ್ಕು ಜನರ ಜೊತೆ ಬೆರೆಯೋರಲ್ಲಿ ಡಿಪ್ರೆಶನ್ ಕಡಿಮೆ ಅಂತ ತೋರಿಸೋ ಅಧ್ಯಯನಗಳು ಬೇಕಾದಷ್ಟಿವೆ. ಹಾಗಾಗಿ ನಂಬಿಕೆ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋ ಬದಲು, ನಿಮ್ಮ ದೇವರು ನಿಮ್ಮ ಹಾಸಿಗೆ ಪಕ್ಕ ಕೂತಿದ್ದಾನಾ, ನ್ಯಾಯಾಧೀಶನ ಕುರ್ಚಿ ಮೇಲೆ ಕೂತಿದ್ದಾನಾ ಅಂತ ಕೇಳಬೇಕು.

ಸರಿ, ಇದು ಕಾಯಿಲೆ ಅನ್ನೋಕೆ ಪುರಾವೆ ಏನು? "ರಕ್ತ ಪರೀಕ್ಷೇಲಿ ಬರುತ್ತಾ? ಸ್ಕ್ಯಾನಿಂಗಲ್ಲಿ ಕಾಣುತ್ತಾ?" ಅಂತ ನಮ್ಮ ದೊಡ್ಡಪ್ಪಾನೂ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಬರಲ್ಲ, ಕಾಣಲ್ಲ. ಥೈರಾಯ್ಡ್, ಬಿ12 ಕಡಿಮೆ ಇದ್ರೂ ಹೀಗೇ ಆಗಬಹುದು ಅಂತ ರಕ್ತ ಬರೆಸ್ತಾರೆ, ಅಷ್ಟೇ. ಲಕ್ಷಣಗಳು ಕಡೇಪಕ್ಷ ಎರಡು ವಾರ, ದಿನದ ಬಹುಪಾಲು ಹೊತ್ತು, ದಿನಾ ಇದ್ವಾ ಅಂತ ಕೇಳಿ, ನೋಡಿಯೇ ತೀರ್ಮಾನಿಸಬೇಕು. ಹಂಗಂತ ಮೈಗ್ರೇನು ಸ್ಕ್ಯಾನಲ್ಲಿ ಕಾಣಲ್ಲ, ತಲೆ ಸಿಡಿಯೋದು ಸುಳ್ಳಾ?

ಎರಡು ವಾರ ಅಂದಾಗ ಒಂದು ನೆನಪಾಯ್ತು. ಪ್ರವಚನಗಳಲ್ಲಿ ಈಗ ಹೊಸ ಫ್ಯಾಷನ್ನು, "ಅರ್ಜುನನಿಗೂ ಡಿಪ್ರೆಶನ್ ಆಗಿತ್ತು, ಗೀತೆ ಕೇಳಿ ವಾಸಿಯಾಯ್ತು" ಅನ್ನೋದು. ಕೇಳೋಕೆ ಚೆನ್ನಾಗಿದೆ. ಆದ್ರೆ ಅರ್ಜುನ ಕುಸಿದದ್ದು ಕಣ್ಮುಂದೆ ಅಜ್ಜ, ಗುರು, ಬಂಧುಗಳು ಸಾಯೋಕೆ ನಿಂತಿದ್ರು ಅಂತ. ಅದು ಆ ಹೊತ್ತಿನ ದುಃಖ, ಧರ್ಮಸಂಕಟ, ವಾರಗಟ್ಟಲೆ ಕಾಡಿದ ಕಾಯಿಲೆ ಅಲ್ಲ. ದೊಡ್ಡಮ್ಮನ ಮುಂದೆ ಯಾವ ಕುರುಕ್ಷೇತ್ರಾನೂ ಇರ್ಲಿಲ್ಲ. ಮಗನಿಗೆ ಕೆಲಸ ಸಿಕ್ಕಿತ್ತು, ತೋಟದಲ್ಲಿ ಆ ವರ್ಷ ಫಸಲೂ ಬಂದಿತ್ತು. ಅದಕ್ಕೇ ಮನೆಯವರು, "ಏನು ಕಮ್ಮಿಯಾಗಿದೆ ನಿಂಗೆ?" ಅಂತ ಕೇಳಿ ಕೇಳಿ ಅವರ ಬಾಯಿ ಮುಚ್ಚಿಸಿಬಿಟ್ಟಿದ್ರು.

ಮಾತ್ರೆ ವಿಷಯಕ್ಕೆ ಬರೋಣ. ಇದರ ಹಿಂದಿನ ಕತೆ ನನಗೆ ತುಂಬಾ ಇಷ್ಟ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೇಲಿ ಕ್ಷಯ ರೋಗಿಗಳಿಗೆ ಇಪ್ರೊನಿಯಾಜಿಡ್ ಅನ್ನೋ ಹೊಸ ಔಷಧಿ ಕೊಟ್ಟು ನೋಡ್ತಿದ್ರು. ಹಾಸಿಗೆ ಹಿಡಿದಿದ್ದೋರು ಎದ್ದು ಓಡಾಡೋಕೆ, ನಗೋಕೆ, ಹೊಟ್ಟೆ ತುಂಬಾ ಉಣ್ಣೋಕೆ ಶುರು ಮಾಡಿದ್ರು. ಮನಸ್ಸಿಗೆ ಅಂತ ಕೊಟ್ಟ ಔಷಧಿ ಅಲ್ಲ ಅದು, ಶ್ವಾಸಕೋಶಕ್ಕೆ ಕೊಟ್ಟಿದ್ದು! ಡಿಪ್ರೆಶನ್‌ಗೆ ಮಾತ್ರೆ ಇರಬಹುದು ಅನ್ನೋ ದಾರಿ ತೆರೆದದ್ದು ಹಾಗೆ. ಆ ಔಷಧಿ ಲಿವರಿಗೆ ಹಾನಿ ಮಾಡುತ್ತೆ ಅಂತ ಆಮೇಲೆ ಬಿಟ್ಟರು, ಅಷ್ಟರಲ್ಲಿ ಬೇರೆ ಔಷಧಿ ಬಂದಿದ್ವು.

2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ 522 ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದ ವರದಿ ಬಂತು. 1,16,477 ರೋಗಿಗಳು, 21 ಔಷಧಿ. ಇಪ್ಪತ್ತೊಂದೂ, ಹೋಲಿಸಿ ನೋಡೋಕೆ ಕೊಡೋ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿದ್ವು. ಆದ್ರೆ ಪವಾಡ ಅಲ್ಲ, ಸರಾಸರಿ ಲಾಭ ಸಾಧಾರಣ. "ಮೆದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಡಿಮೆಯಾದ್ರೆ ಡಿಪ್ರೆಶನ್" ಅಂತ ಸಲೀಸಾಗಿ ಹೇಳ್ತಾರಲ್ಲ, ಅಷ್ಟು ಸರಳ ಅಲ್ಲ ಅನ್ನೋದೂ ಈಗ ಗೊತ್ತಾಗಿದೆ. ವಿಜ್ಞಾನದ ಹೆಸರಲ್ಲೂ ಕವಡೆ ಹಾಕೋರು ಇರ್ತಾರೆ, ಹುಷಾರು. ಮಾತಿನ ಚಿಕಿತ್ಸೆಗೂ ಒಳ್ಳೇ ಪುರಾವೆ ಇದೆ, ಸಿಗೋದು ಮಾತ್ರ ತಾಲ್ಲೂಕುಗಳಲ್ಲಿ ಕಷ್ಟ.

[ದೃಶ್ಯ: ನಕ್ಷೆ. ತಮಿಳುನಾಡಿನ ಮೇಲೆ ಎರಡು ಚುಕ್ಕೆ]

ಈ ಎರಡು ಚುಕ್ಕೆ ನೋಡಿ. ಒಂದು, ವೇಲಾಯುಧಂಪಾಳಯಂಪುದೂರು ಅನ್ನೋ ಊರಿನ ಮುತ್ತುಸ್ವಾಮಿ ದೇವಸ್ಥಾನ. ಮಾನಸಿಕ ಕಾಯಿಲೆಯೋರು ಮನೆಯವರೊಬ್ಬರ ಜೊತೆ ಬಂದು ಉಳ್ಕೊಳ್ತಿದ್ರು. 2000ದಲ್ಲಿ ನಮ್ಮ ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ತಂಡ ಅಲ್ಲಿದ್ದ 31 ಜನರನ್ನ ಬರುವಾಗ, ಹೋಗುವಾಗ ಪರೀಕ್ಷಿಸಿದ್ರು. ಮಾತ್ರೆ ಇಲ್ಲ, ದೆವ್ವ ಬಿಡಿಸೋ ಆಚರಣೇನೂ ಇಲ್ಲ. ಬೆಳಿಗ್ಗೆ ಒಂದು ಪೂಜೆ, ಆಮೇಲೆ ಕಸ ಗುಡಿಸೋದು, ಗಿಡಕ್ಕೆ ನೀರು ಹಾಕೋದು ಇಂಥ ಸಣ್ಣಪುಟ್ಟ ಕೆಲಸ. ಲಕ್ಷಣಗಳ ಅಂಕ ಸರಾಸರಿ ಶೇ. 19ರಷ್ಟು ಇಳಿದಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂತು.

ವಾಟ್ಸಾಪಲ್ಲಿ "ದೇವಸ್ಥಾನದ ಶಕ್ತಿ ವಿಜ್ಞಾನದಿಂದ ಸಾಬೀತು" ಅಂತ ಹಾಕೋ ಮುಂಚೆ ನಿಲ್ಲಿ. 31 ಜನ ಅಂದ್ರೆ ಒಂದು ಬಸ್ಸೂ ತುಂಬಲ್ಲ. ಹೋಲಿಸಿ ನೋಡೋಕೆ ಇನ್ನೊಂದು ಗುಂಪಿರ್ಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ್ದು ಕೇಳಿಸೋ, ಇಲ್ಲದ ಸಂಶಯ ಕಾಡೋ ಕಾಯಿಲೆ, ಡಿಪ್ರೆಶನ್ ಅಲ್ಲ. ಸಂಶೋಧಕರು ಹೇಳಿದ್ದು, ಆಸರೆ ಕೊಡೋ, ಹೆದರಿಸದ ಜಾಗದಲ್ಲಿ ಇದ್ದದ್ದೇ ಗುಣ ಕೊಟ್ಟಿರಬಹುದು ಅಂತ. ಅಲ್ಲಿ ಯಾರೂ ಯಾರಿಗೂ ಹುತ್ತದ ಲೆಕ್ಕ ಕೇಳ್ತಿರಲಿಲ್ಲ ಅಂತ ನನ್ನ ಊಹೆ.

ಎರಡನೇ ಚುಕ್ಕೆ ಏರ್ವಾಡಿ. ದರ್ಗಾದ ಸುತ್ತ ಮಾನಸಿಕ ರೋಗಿಗಳನ್ನ ಇಟ್ಕೊಳ್ಳೋಕೆ ಖಾಸಗಿಯವರು ನಡೆಸ್ತಿದ್ದ ಗುಡಿಸಲು ಮನೆಗಳು. 2001ರ ಆಗಸ್ಟ್ 6ರ ಬೆಳಗಿನ ಜಾವ ಅವುಗಳಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ರೋಗಿಗಳನ್ನ ಸರಪಳಿ ಹಾಕಿ ಕಟ್ಟಿದ್ರು. 28 ಜನ ಓಡೋಕಾಗದೆ ಸುಟ್ಟುಹೋದ್ರು. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಗೆ ಯಾವ ರೀತೀಲೂ ಸರಪಳಿ ಹಾಕೋ ಹಾಗಿಲ್ಲ. ಕರ್ನಾಟಕದಲ್ಲಿ ದೆವ್ವ ಬಿಡಿಸ್ತೀವಿ ಅಂತ ಹೊಡೆಯೋದು ಮೌಢ್ಯ ನಿಷೇಧ ಕಾಯ್ದೆ ಅಡಿ ಅಪರಾಧ.

ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮೂರನೇ ದಾರಿ ಹಿಡಿದ್ರು. ಹೆಸರು "ದವಾ ಔರ್ ದುವಾ", ಔಷಧಿ ಮತ್ತು ಪ್ರಾರ್ಥನೆ. ದರ್ಗಾ ನೋಡ್ಕೊಳ್ಳೋ ಮುಜಾವರರೇ ರೋಗಿಗಳನ್ನ ಅಲ್ಲೇ ಇರೋ ಮನೋವೈದ್ಯರ ಹತ್ರ ಕಳಿಸ್ತಾರೆ. ಇದೇನೂ ನಮ್ಮ ನೆಲಕ್ಕೆ ಹೊಸದಲ್ಲ. ಚರಕ ಚಿಕಿತ್ಸೇನ ಮೂರು ಬಗೆ ಮಾಡಿದಾಗ ಮಂತ್ರ, ಹೋಮಗಳಿಗೆ ಒಂದು ಖಾನೆ, ಆಹಾರ, ಔಷಧಿಗೆ ಇನ್ನೊಂದು, ಮನಸ್ಸನ್ನ ಹಿಡಿತಕ್ಕೆ ತರೋದಕ್ಕೆ ಮೂರನೇದು ಅಂತ ಬೇರೆ ಬೇರೆಯೇ ಇಟ್ಟಿದ್ದ. ಒಂದು ಮಾಡಿದ್ರೆ ಇನ್ನೊಂದು ಬೇಡ ಅಂದಿರಲಿಲ್ಲ.

[ದೃಶ್ಯ: ಊರ ದೇವಸ್ಥಾನದ ಜಗುಲಿ]

ನಮ್ಮ ದೊಡ್ಡಮ್ಮನ ವಿಷಯದಲ್ಲಿ ಮುಜಾವರರ ಕೆಲಸ ಮಾಡಿದ್ದು ಊರ ಅರ್ಚಕರು. ಶಾಂತಿ ಮಾಡಿಸೋಕೆ ದಿನ ಕೇಳೋಕೆ ಹೋದ ದೊಡ್ಡಪ್ಪನಿಗೆ ಅವರು, "ಶಾಂತಿ ಮಾಡೋಣ ಬಿಡಿ, ಅದಕ್ಕೇನು. ಆದ್ರೆ ಎಷ್ಟು ದಿನದಿಂದ ನಿದ್ದೆ ಇಲ್ಲ ಅಂದ್ರಿ? ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರ್ತಾರೆ, ಮೊದಲು ತೋರಿಸಿ. ನಾನು ಬೀಪಿ ಮಾತ್ರೆ ನುಂಗಿಯೇ ಗರ್ಭಗುಡಿಗೆ ಹೋಗೋದು" ಅಂದ್ರಂತೆ. ಇದು ಮನೋಚೈತನ್ಯ ಅನ್ನೋ ಸರ್ಕಾರಿ ಕಾರ್ಯಕ್ರಮ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರ್ತಾರೆ. ಮಂಗಳವಾರ ಅಮ್ಮನ ವಾರ ಬೇರೆ. ದೊಡ್ಡಮ್ಮ ತಕರಾರಿಲ್ಲದೆ ಹೊರಟ್ರು.

ಅಲ್ಲೂ ಅವರು ಹೇಳಿದ್ದು ಎದೆ ಭಾರ, ಮೈಕೈ ನೋವು, ತಲೆಯೆಲ್ಲ ಉರಿ ಅಂತ. ಖಿನ್ನತೆ ಅನ್ನೋ ಪದ ನಮ್ಮ ಮನೆಗಳಲ್ಲಿ ಯಾರ ಬಾಯಲ್ಲಿದೆ ಹೇಳಿ? ಮಂಕು ಬಡಿದಿದೆ, ಗಾಳಿ ಸೋಕಿದೆ, ಮನಸ್ಸಿಗೆ ಹಚ್ಕೊಂಡಿದ್ದಾಳೆ ಅಂತೀವಿ. ಇದೇ ರಘುರಾಮ್ ಮತ್ತು ಮಿಚೆಲ್ ವೈಸ್ 1996ರಲ್ಲಿ ಬೆಂಗಳೂರಿನ ರೋಗಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ: ಮನಸ್ಸಿನ ನೋವು ಹೇಳ್ಕೊಳ್ಳೋಕೆ ನಾಚಿಕೆ ಜಾಸ್ತಿ, ಮೈ ನೋವು ಹೇಳ್ಕೊಳ್ಳೋಕೆ ಕಡಿಮೆ. 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 20 ಜನರಲ್ಲಿ ಒಬ್ಬರಿಗೆ ಡಿಪ್ರೆಶನ್ ಬಂದುಹೋಗಿರುತ್ತೆ, ಆದ್ರೆ ಡಿಪ್ರೆಶನ್ ಇರೋರಲ್ಲಿ ಶೇ. 85ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. ಎದೆ ಭಾರಕ್ಕೆ ಇಸಿಜಿ, ಸುಸ್ತಿಗೆ ಗ್ಲೂಕೋಸು ಹಾಕಿಸ್ಕೊಂಡು ಮನೆಗೆ ಹೋಗಿರ್ತಾರೆ.

ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ರು. ಮಾತ್ರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳೆಸೋದು ಮಾತ್ರ ಮೊದಲ ವಾರವೇ ಬರಬಹುದು. ಜನ ಬಿಡೋದು ಇಲ್ಲೇ. ಸಾಯೋ ಯೋಚನೆ ಬರ್ತಿದ್ಯಾ ಅಂತಾನೂ ನೇರವಾಗಿ ಕೇಳಿದ್ರು. ದೊಡ್ಡಪ್ಪ ಬೆಚ್ಚಿಬಿದ್ರು, ದೊಡ್ಡಮ್ಮ ಹೌದು ಅಂತ ತಲೆ ಆಡಿಸಿದ್ರು. ಕೇಳಿದ್ರೆ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು, ಕೇಳಬೇಕು. ನಿಮಗೋ ನಿಮ್ಮವರಿಗೋ ಹಾಗೆ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

[ದೃಶ್ಯ: ಅದೇ ಅಡುಗೆಮನೆ, ಬೆಳಕಿದೆ]

ಐದನೇ ವಾರ ನಾನು ಊರಿಗೆ ಹೋಗಿದ್ದೆ. ಆವತ್ತು ಸೊಸೆ ಸಾರು ಮಾಡಿದ್ಲು. ದೊಡ್ಡಮ್ಮ ಒಂದು ತುತ್ತು ಕಲೆಸಿ ಬಾಯಿಗಿಟ್ಟು, "ಏನೇ ಇದು, ಉಪ್ಪು ಕಮ್ಮಿ" ಅಂದ್ರು. ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಎದ್ದು ಹೋಗಿ ಉಪ್ಪಿನ ಜಾಡಿಯನ್ನೇ ಎತ್ಕೊಂಡು ಬಂದ್ರು.

ವಾಸಿ ಮಾಡಿದ್ದು ಮಾತ್ರೆ ಅಂತ ನಾನು, ಶಾಂತಿ ಅಂತ ದೊಡ್ಡಪ್ಪ, ಇವತ್ತಿಗೂ ವಾದ ಇದೆ. ದೊಡ್ಡಮ್ಮ ಅದಕ್ಕೆ ತಲೆ ಕೆಡಿಸ್ಕೊಳ್ಳಲ್ಲ. ಮಾತ್ರೆ ಪಟ್ಟಿ ದೇವರ ಮನೆ ಗೂಡಲ್ಲಿ, ಎಣ್ಣೆ ಬಾಟ್ಲಿ ಪಕ್ಕ ಇಟ್ಟಿದ್ದಾರೆ. ಇನ್ನೆಲ್ಲಿಟ್ರೂ ಮರೆತುಹೋಗುತ್ತಂತೆ.