ಬಾಗಿಲು ತೆರೆದವರು

ಕೇಳುಗರೇ, ನಮಸ್ಕಾರ.

ಯುದ್ಧಕೈದಿಗಳು ತಪ್ಪಿಸಿಕೊಂಡ ಕಥೆ ಅಂದ ಕೂಡಲೇ ಎಲ್ಲರಿಗೂ ಸುರಂಗವೇ ಬೇಕು. ಬದಿಯಡ್ಕದ ಕಡೆ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ, ಮಕ್ಕಳೂ ಅದನ್ನೇ ಕೇಳುತ್ತಿದ್ದರು. ಸುರಂಗ ಬಿಡಿ ಮಾರಾಯ್ರೇ! ಬೇಲಿ ದಾಟುವುದು ಒಂದು ರಾತ್ರಿಯ ಕೆಲಸ. ಮರುದಿನ ಬೆಳಗ್ಗೆ ಹಸಿವಾಗುತ್ತದೆ ಅಲ್ವಾ? ಆಗ ಯಾರ ಬಾಗಿಲು ತಟ್ಟುವುದು?

ಎರಡನೇ ಮಹಾಯುದ್ಧದ ಕಾಲ. ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನಲ್ಲಿ ಎಪಿನಾಲ್ ಅಂತ ಒಂದು ಊರು. ಅಲ್ಲಿಯ ಹಳೇ ಸೈನಿಕ ಬಿಡಾರದಲ್ಲಿ ಜರ್ಮನರು ಬ್ರಿಟಿಷರ ಪರ ಹೋರಾಡಿದ ನಮ್ಮ ಭಾರತೀಯ ಸಿಪಾಯಿಗಳನ್ನು ಕೂಡಿಹಾಕಿದ್ದರು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕವರೇ ಜಾಸ್ತಿ. 1944ರ ಮೇ 11ರಂದು ಅಮೆರಿಕದ ವಿಮಾನಗಳು ಆ ಊರಿಗೆ ಬಾಂಬು ಹಾಕಿದವು. ಬಿಡಾರಕ್ಕೂ ಬಿತ್ತು. ಕೈದಿಗಳೂ ಸತ್ತರು. ಗೋಡೆ ಒಡೆಯಿತು, ಉಳಿದವರು ಓಡಿದರು.

ಯುದ್ಧಕ್ಕೆ ಇಳಿಯದ ಸ್ವಿಟ್ಜರ್ಲೆಂಡಿಗೆ ಸೇರಿದರೆ ಬಚಾವು. ಅದರ ಗಡಿಗೆ ನೂರು ಕಿಲೋಮೀಟರಿನಷ್ಟು ದಾರಿ. ಕಾಸರಗೋಡಿನಿಂದ ಉಡುಪಿಗೆ ನಡೆದ ಹಾಗೆ, ಅದೂ ಗುಡ್ಡ ಕಾಡು ಹಿಡಿದು. ಬಿಳಿಯನಾದರೆ ರೈತನ ಅಂಗಿ ತೊಟ್ಟು ಸಂತೆಯಲ್ಲಿ ಸೇರಿಹೋದಾನು. ನಮ್ಮವರು ಮೈಬಣ್ಣ ಎಲ್ಲಿ ಅಡಗಿಸುವುದು? ಸಿಖ್ಖರು ಗಡ್ಡ ಎಲ್ಲಿ ಇಡುವುದು? ನಮ್ಮಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ ಎಲ್ಲ ಒಂದೇ ಬಸ್ಸಿನಲ್ಲಿ ಇರುತ್ತವೆ. ಒಬ್ಬರಿಗೆ ತಿಳಿಯದಿದ್ದರೆ ಪಕ್ಕದವರು ಹೇಳುತ್ತಾರೆ. ಅಲ್ಲಿ ಕೈಸನ್ನೆಯೇ ಗತಿ. ಆದರೂ ಹಳ್ಳಿಯವರು ಉಣ್ಣಲು ಕೊಟ್ಟರು, ಬಟ್ಟೆ ಕೊಟ್ಟರು, ದಾರಿ ತೋರಿಸಿದರು. ಸುಮಾರು 500 ಮಂದಿ ಗಡಿ ದಾಟಿದರು. ಐನೂರು! ಸುಮ್ನೆ ಆಗುವ ಕೆಲಸವಾ ಇದು? ಬಾಗಿಲು ತೆರೆದವರು ಇದ್ದರು, ಅದಕ್ಕೇ ಆಯಿತು.

ನಮ್ಮವರಿಗೆ ಅನ್ನ ಹಾಕಿದ ಊರುಗಳಲ್ಲಿ ಎತೊಬೊನ್ ಒಂದು. ಅನ್ನ ಅಂದರೆ ಬ್ರೆಡ್ಡು, ಆಲೂಗಡ್ಡೆ ಇದ್ದೀತು, ಇರಲಿ. ಜರ್ಮನರ ವಿರುದ್ಧ ಹೋರಾಡುವವರಿಗೂ ಆ ಊರಿನ ನೆರವು ಇತ್ತು. ಅದೇ ವರ್ಷ ಸೆಪ್ಟೆಂಬರ್ 27ರಂದು ಜರ್ಮನ್ ಸೇನೆಯವರು ಅಲ್ಲಿಯ 39 ಗಂಡಸರನ್ನು ಪಕ್ಕದ ಷೆನೆಬಿಯೆ ಊರಿಗೆ ಒಯ್ದು, ಚರ್ಚಿನ ಗೋಡೆಯ ಬಳಿ ಗುಂಡಿಟ್ಟು ಕೊಂದರು.

ಇಟಲಿಯ ಬಗ್ಗೆ ಜಾಸ್ತಿ ಹೇಳಬೇಕಿತ್ತು, ನನಗೆ ಕೊಟ್ಟ ಹೊತ್ತನ್ನು ಎಪಿನಾಲೇ ತಿಂದಿತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಅಲ್ಲಿಯ ಶಿಬಿರಗಳಿಂದಲೂ ಸಾವಿರಾರು ಕೈದಿಗಳು ಹೊರಬಿದ್ದರು. ಅವರಲ್ಲಿ ಭಾರತೀಯರೂ ಇದ್ದರು. ಒಬ್ಬ ಕೈದಿಯನ್ನು ಹಿಡಿದುಕೊಟ್ಟರೆ 1,800 ಲೀರಾ, ಅಡಗಿಸಿಟ್ಟರೆ ಸಾವು ಅಂತ ಜರ್ಮನರ ಡಂಗುರ. ಬಡ ರೈತರ ಮನೆ, ರಾತ್ರಿ ಊಟಕ್ಕೆ ಬರೀ ಮೆಕ್ಕೆಜೋಳದ ಗಂಜಿ. ನೆಂಟರು ಬಂದಾಗ ನಮ್ಮ ಅಮ್ಮಂದಿರು ಸಾರಿಗೆ ಇನ್ನೊಂದು ಚೆಂಬು ನೀರು ಹೊಯ್ಯುತ್ತಿದ್ದರಲ್ಲ, ಹಾಗೇ ಅವರೂ ಹೊಯ್ದಿರಬೇಕು.

ನಮಸ್ಕಾರ.